ಈಕ್ವೇಷನ್ ಬ್ಯಾಲೆನ್ಸ್ ಆಗ್ತಿಲ್ಲ ಅಂದ್ರೆ ತಪ್ಪು ಎಲ್ಲಿರುತ್ತೆ? ಅಯಾನಿನಿಂದ ಶುರು ಮಾಡಿ ಹಂತ ಹಂತವಾಗಿ

ಟೆಂತ್ ಮತ್ತೆ ಫಸ್ಟ್ ಪಿಯುಸಿ ಮಕ್ಕಳ ಕೆಮಿಸ್ಟ್ರಿ ನೋಟ್‌ಬುಕ್ ನೋಡ್ತಾ ಹೋದ್ರೆ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತೆ. ಸಮೀಕರಣ ಸರಿದೂಗಿಸೋಕೆ ಅರ್ಧ ಪುಟ ಒದ್ದಾಡಿರ್ತಾರೆ, ಅಳಿಸಿ ಅಳಿಸಿ ಹಾಳೆ ತೂತಾಗಿರುತ್ತೆ, ಕೊನೆಗೆ ನೋಡಿದ್ರೆ ಶುರುವಲ್ಲಿ ಬರೆದ ಫಾರ್ಮುಲಾನೇ ತಪ್ಪು. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅಲ್ಯೂಮಿನಿಯಂ ಸಲ್ಫೇಟನ್ನ ಅಲ್ಯೂಮಿನಿಯಂ 1, ಸಲ್ಫೇಟ್ 1 ಅಂತ ಬರ್ಕೊಂಡು ಸಲ್ಫ್ಯೂರಿಕ್ ಆಸಿಡ್ ಜೊತೆ ಈಕ್ವೇಷನ್ ಬರೆದ್ರೆ ಏನೂ ಮಾಡದೇನೇ ಎರಡೂ ಕಡೆ ಸರಿಹೋಗಿ ಬಿಡುತ್ತೆ, ಮಗು ಖುಷಿಯಿಂದ ಟಿಕ್ ಹಾಕ್ಕೊಂಡು ಮುಂದಕ್ಕೆ ಹೋಗುತ್ತೆ, ಮಾರ್ಕ್ಸ್ ಮಾತ್ರ ಸಿಗಲ್ಲ, ಯಾಕೆ ಸಿಗಲಿಲ್ಲ ಅಂತಾನೂ ಗೊತ್ತಾಗಲ್ಲ.

ಹಂಗಾಗಿ ಇಲ್ಲಿ ಕ್ರಮಾನೇ ಮುಖ್ಯ. ಮೊದಲು ಅಯಾನು (ಚಾರ್ಜ್ ಇರೋ ಪರಮಾಣು ಅಥವಾ ಪರಮಾಣುಗಳ ಗುಂಪು), ಆಮೇಲೆ ಫಾರ್ಮುಲಾ, ಆಮೇಲೆ ಬ್ಯಾಲೆನ್ಸ್, ಆಮೇಲೆ ಕ್ರಿಯೆಯ ವಿಧ. ಮಧ್ಯದಿಂದ ಶುರು ಮಾಡ್ಬೇಡಿ. ಒಂದು ಹಂತ ಕೈಗೆ ಹತ್ತೋವರೆಗೂ ಮುಂದಿನ ಹಂತಕ್ಕೆ ಹೋಗ್ಬೇಡಿ.

ಇನ್ನೊಂದು ವಿಷಯ, ಸಿಂಬಲ್ ಕೆಳಗೆ ಬರೋ ಸಣ್ಣ ಅಂಕಿ ಮೊಬೈಲಲ್ಲಿ ಟೈಪ್ ಮಾಡಿದ್ರೆ ದೊಡ್ಡ ಅಂಕಿ ಜೊತೆ ಕಲಸಿಹೋಗುತ್ತೆ, ಅದಕ್ಕೆ ನಾನು ಎಲ್ಲಾನೂ ಹೆಸರಲ್ಲೇ ಬರೆದಿದೀನಿ. ನೀವು ಓದ್ತಾ ಓದ್ತಾ ನೋಟ್‌ಬುಕ್‌ನಲ್ಲಿ ಸಿಂಬಲ್ ಹಾಕಿ ಬರ್ಕೊಳ್ಳಿ, ಅದೇ ಒಂದು ಪ್ರಾಕ್ಟೀಸ್ ಆಗುತ್ತೆ.

ಬೇಕಾಗೋ ಸಾಮಾನು

ಒಂದು ಗೆರೆ ಇರೋ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಎರಡು ಬಣ್ಣದ ಪೆನ್. ನೀಲಿ ಪೆನ್ನು ಪ್ಲಸ್ ಚಾರ್ಜಿಗೆ, ಕೆಂಪು ಮೈನಸ್ ಚಾರ್ಜಿಗೆ ಅಂತ ಇಟ್ಕೊಳ್ಳಿ, ಕೊನೇವರೆಗೂ ಬದಲಾಯಿಸ್ಬೇಡಿ. ಪೀರಿಯಾಡಿಕ್ ಟೇಬಲ್ ಒಂದು ಪ್ರತಿ. ಇಷ್ಟು ಬಿಟ್ಟು ಮೂರು ಪಟ್ಟಿ ನಿಮ್ಮ ಕೈಯಾರೆ ಮಾಡ್ಕೋಬೇಕು: ಅಯಾನುಗಳದ್ದು, ಲೋಹಗಳ ಕ್ರಿಯಾಶೀಲತೆ ಸರಣಿಯದ್ದು, ನೀರಲ್ಲಿ ಕರಗೋದು ಕರಗದೇ ಇರೋದರದ್ದು. ಪ್ರಿಂಟ್ ಆಗಿರೋ ಚಾರ್ಟ್ ಗೋಡೆಗೆ ಅಂಟಿಸಿದ್ರೆ ಕೆಲಸ ಆಗಲ್ಲ, ಅದು ಗೋಡೇಲೇ ಇರುತ್ತೆ, ತಲೆಗೆ ಬರಲ್ಲ.

ಹಂತ 1: ಅಯಾನುಗಳನ್ನ ಚಾರ್ಜ್ ಪ್ರಕಾರ ಗುಂಪು ಮಾಡಿ ಬಾಯಿಪಾಠ ಮಾಡಿ

ಸಾಮಾನ್ಯವಾಗಿ ಮಕ್ಕಳು ಅಕ್ಷರಮಾಲೆ ಕ್ರಮದಲ್ಲೋ ಪುಸ್ತಕದಲ್ಲಿ ಬಂದ ಕ್ರಮದಲ್ಲೋ ಕಲೀತಾರೆ, ಅದು ನಿಲ್ಲಲ್ಲ. ಚಾರ್ಜ್ ಪ್ರಕಾರ ಕಲೀರಿ.

ಪ್ಲಸ್ 1: ಸೋಡಿಯಂ, ಪೊಟ್ಯಾಸಿಯಂ, ಬೆಳ್ಳಿ, ಹೈಡ್ರೋಜನ್, ಅಮೋನಿಯಂ.
ಪ್ಲಸ್ 2: ಮೆಗ್ನೀಸಿಯಂ, ಕ್ಯಾಲ್ಸಿಯಂ, ಬೇರಿಯಂ, ಸತು, ಸೀಸ, ತಾಮ್ರ, ಫೆರಸ್ ಕಬ್ಬಿಣ.
ಪ್ಲಸ್ 3: ಅಲ್ಯೂಮಿನಿಯಂ, ಫೆರಿಕ್ ಕಬ್ಬಿಣ.
ಮೈನಸ್ 1: ಕ್ಲೋರೈಡ್, ಬ್ರೋಮೈಡ್, ಅಯೋಡೈಡ್, ಹೈಡ್ರಾಕ್ಸೈಡ್, ನೈಟ್ರೇಟ್, ನೈಟ್ರೈಟ್, ಬೈಕಾರ್ಬೋನೇಟ್, ಅಸಿಟೇಟ್.
ಮೈನಸ್ 2: ಆಕ್ಸೈಡ್, ಸಲ್ಫೈಡ್, ಸಲ್ಫೇಟ್, ಸಲ್ಫೈಟ್, ಕಾರ್ಬೋನೇಟ್.
ಮೈನಸ್ 3: ಫಾಸ್ಫೇಟ್.

ಮೂವತ್ತರ ಒಳಗೇ ಇದೆ. ದಿನಕ್ಕೆ ಐದೈದು ಅಂದ್ರೂ ಒಂದು ವಾರ ಸಾಕು. ಒಂದು ಚೀಟಿಯ ಒಂದು ಕಡೆ ಹೆಸರು, ಹಿಂದೆ ಸಿಂಬಲ್ ಮತ್ತೆ ಚಾರ್ಜ್ ಬರೆದು ಮನೇಲಿ ಯಾರಾದ್ರೂ ಕೈಗೆ ಕೊಟ್ಟು ಕೇಳಿಸ್ಕೊಳ್ಳಿ, ಅಮ್ಮಂಗೆ ಕೆಮಿಸ್ಟ್ರಿ ಬರ್ಬೇಕು ಅಂತೇನಿಲ್ಲ, ಚೀಟಿ ಹಿಂದೆ ಉತ್ತರ ಇರುತ್ತಲ್ಲ.

ಎಡವೋ ಜಾಗ ಮೂರು. ಮೊದಲನೇದು ಸಲ್ಫೇಟ್, ಸಲ್ಫೈಟ್, ಸಲ್ಫೈಡ್. ಕನ್ನಡದಲ್ಲಿ ಬರೆದ್ರೆ ಒಂದೊಂದು ಅಕ್ಷರ ಅಷ್ಟೇ ವ್ಯತ್ಯಾಸ, ಆದ್ರೆ ಮೂರೂ ಬೇರೆ ಬೇರೆ ವಸ್ತು. 'ಏಟ್' ಅಂತ ಕೊನೆಯಾದ್ರೆ ಆಕ್ಸಿಜನ್ ಜಾಸ್ತಿ, 'ಐಟ್' ಅಂದ್ರೆ ಒಂದು ಆಕ್ಸಿಜನ್ ಕಮ್ಮಿ, 'ಐಡ್' ಅಂದ್ರೆ ಸಾಮಾನ್ಯವಾಗಿ ಒಂದೇ ಧಾತು. ಸಲ್ಫೇಟಲ್ಲಿ ಆಕ್ಸಿಜನ್ 4, ಸಲ್ಫೈಟಲ್ಲಿ 3, ಸಲ್ಫೈಡಲ್ಲಿ ಆಕ್ಸಿಜನ್ನೇ ಇಲ್ಲ. ನೈಟ್ರೇಟಲ್ಲಿ 3, ನೈಟ್ರೈಟಲ್ಲಿ 2. ಗಮನಿಸಿ, ಏಟ್‌ನಿಂದ ಐಟ್‌ಗೆ ಬಂದಾಗ ಆಕ್ಸಿಜನ್ ಕಮ್ಮಿಯಾಗುತ್ತೆ ಹೊರತು ಚಾರ್ಜ್ ಬದಲಾಗಲ್ಲ. ಐಡ್ ನಿಯಮಕ್ಕೆ ಹೈಡ್ರಾಕ್ಸೈಡ್ ಒಂದು ಅಪವಾದ, ಅದರಲ್ಲಿ ಆಕ್ಸಿಜನ್ ಹೈಡ್ರೋಜನ್ ಎರಡೂ ಇದೆ.

ಎರಡನೇದು ಅಮೋನಿಯಾ ಮತ್ತೆ ಅಮೋನಿಯಂ. ಅಮೋನಿಯಾ ಅನ್ನೋದು ಗ್ಯಾಸ್, ಹೈಡ್ರೋಜನ್ 3, ಚಾರ್ಜ್ ಇಲ್ಲ. ಅಮೋನಿಯಂ ಅನ್ನೋದು ಅಯಾನು, ಹೈಡ್ರೋಜನ್ 4, ಚಾರ್ಜ್ ಪ್ಲಸ್ 1. ಲೋಹ ಅಲ್ಲದಿದ್ರೂ ಫಾರ್ಮುಲಾದಲ್ಲಿ ಲೋಹದ ಜಾಗದಲ್ಲಿ ಕೂರುತ್ತೆ.

ಮೂರನೇದು ಎರಡೆರಡು ಚಾರ್ಜ್ ಇರೋ ಲೋಹಗಳು. ಕಬ್ಬಿಣ 2 ಆದ್ರೆ ಫೆರಸ್, 3 ಆದ್ರೆ ಫೆರಿಕ್. ತಾಮ್ರ 1 ಆದ್ರೆ ಕ್ಯುಪ್ರಸ್, 2 ಆದ್ರೆ ಕ್ಯುಪ್ರಿಕ್. ಪ್ರಶ್ನೇಲಿ ಬರೀ ಕಾಪರ್ ಸಲ್ಫೇಟ್ ಅಂತಿದ್ರೆ 2 ಅಂತ ತಗೊಳ್ಳಿ. ಬೆಳ್ಳಿ 1, ಸತು 2, ಅಲ್ಯೂಮಿನಿಯಂ 3, ಇವು ನಿಮ್ಮ ಮಟ್ಟದಲ್ಲಿ ಬದಲಾಗಲ್ಲ.

ಹಂತ 2: ಅಯಾನಿನಿಂದ ಫಾರ್ಮುಲಾ ಕಟ್ಟೋದು

ಇಲ್ಲಿ ಒಂದೇ ನಿಯಮ: ಪ್ಲಸ್ಸು ಮೈನಸ್ಸು ಕೂಡಿಸಿದ್ರೆ ಸೊನ್ನೆ ಬರ್ಬೇಕು. ಚಾರ್ಜನ್ನ ಅಡ್ಡಡ್ಡ ಬದಲಾಯಿಸೋ ಟ್ರಿಕ್ ಎಲ್ರಿಗೂ ಗೊತ್ತು, ತಪ್ಪೇನಿಲ್ಲ, ಆದ್ರೆ ಟ್ರಿಕ್ ಮಾಡಿದ್ಮೇಲೆ ಕೂಡಿಸಿ ನೋಡ್ಬೇಕು, ಅದನ್ನ ಯಾರೂ ಮಾಡಲ್ಲ.

ಅಲ್ಯೂಮಿನಿಯಂ ಪ್ಲಸ್ 3, ಸಲ್ಫೇಟ್ ಮೈನಸ್ 2. ಅಡ್ಡ ಬದಲಾಯಿಸಿದ್ರೆ ಅಲ್ಯೂಮಿನಿಯಂ 2, ಸಲ್ಫೇಟ್ 3. ಕೂಡಿಸಿ: ಪ್ಲಸ್ 6, ಮೈನಸ್ 6, ಸೊನ್ನೆ. ಸರಿ ಇದೆ. ಕ್ಯಾಲ್ಸಿಯಂ ಪ್ಲಸ್ 2, ಆಕ್ಸೈಡ್ ಮೈನಸ್ 2. ಅಡ್ಡ ಬದಲಾಯಿಸಿದ್ರೆ 2, 2 ಬರುತ್ತೆ, ಅದನ್ನ 1, 1ಕ್ಕೆ ಇಳಿಸ್ಬೇಕು. ಆದ್ರೆ ಈ ಇಳಿಸೋ ಕೆಲಸ ಹೈಡ್ರೋಜನ್ ಪೆರಾಕ್ಸೈಡಿಗೆ ಮಾಡ್ಬೇಡಿ, ಅದು ಹೈಡ್ರೋಜನ್ 2 ಆಕ್ಸಿಜನ್ 2 ಇರೋ ಮಾಲಿಕ್ಯೂಲ್, ಅದನ್ನ ಇಳಿಸಿದ್ರೆ ವಸ್ತುನೇ ಬದಲಾಗಿ ಹೋಗುತ್ತೆ.

ಬ್ರಾಕೆಟ್ ವಿಷಯ. ಸಲ್ಫೇಟ್, ನೈಟ್ರೇಟ್, ಹೈಡ್ರಾಕ್ಸೈಡ್ ತರ ಗುಂಪಿನ ಅಯಾನು ಒಂದಕ್ಕಿಂತ ಜಾಸ್ತಿ ಬಂದಾಗ ಬ್ರಾಕೆಟ್ ಬೇಕೇ ಬೇಕು. ಕ್ಯಾಲ್ಸಿಯಂ ಹೈಡ್ರಾಕ್ಸೈಡಲ್ಲಿ ಹೈಡ್ರಾಕ್ಸೈಡ್ 2 ಇದೆ, ಅಂದ್ರೆ ಆಕ್ಸಿಜನ್ 2, ಹೈಡ್ರೋಜನ್ 2. ಬ್ರಾಕೆಟ್ ಬಿಟ್ರೆ ಆಕ್ಸಿಜನ್ ಒಂದೇ ಅಂತ ಓದಿಸ್ಕೊಳ್ಳುತ್ತೆ, ಅಲ್ಲಿಂದ ಮುಂದೆ ಬ್ಯಾಲೆನ್ಸ್ ಜನ್ಮದಲ್ಲಿ ಆಗಲ್ಲ.

ಮುಂದಕ್ಕೆ ಹೋಗೋ ಮುಂಚೆ ಈ ನಾಲ್ಕು ಬರೆದು ನೋಡಿ: ಅಮೋನಿಯಂ ಸಲ್ಫೇಟ್, ಫೆರಿಕ್ ಹೈಡ್ರಾಕ್ಸೈಡ್, ಮೆಗ್ನೀಸಿಯಂ ಫಾಸ್ಫೇಟ್, ಸಿಲ್ವರ್ ಕಾರ್ಬೋನೇಟ್. ಉತ್ತರ ಹೆಸರಿನ ಕ್ರಮದಲ್ಲೇ 2:1, 1:3, 3:2, 2:1. ನಾಲ್ಕೂ ಸರಿ ಬಂದ್ರೆ ಮಾತ್ರ ಹಂತ 3.

ಹಂತ 3: ಮಾತಿನ ಈಕ್ವೇಷನ್ ಬರೆದು ಆಮೇಲೆ ಸಿಂಬಲ್ ಹಾಕಿ

ಮೊದಲ ಸಾಲಲ್ಲಿ ಹೆಸರು, ಅದರ ಕೆಳಗಿನ ಸಾಲಲ್ಲಿ ಸಿಂಬಲ್. ನೇರವಾಗಿ ಸಿಂಬಲ್ಲಿಗೆ ಹಾರ್ಬೇಡಿ.

ಇಲ್ಲಿ ಮರೆಯೋದು ಒಂದೇ, ಜೋಡಿಯಾಗಿ ಇರೋ ಧಾತುಗಳು. ಹೈಡ್ರೋಜನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್, ಈ ಏಳು ಒಂಟಿಯಾಗಿ ಈಕ್ವೇಷನ್ನಲ್ಲಿ ಬಂದ್ರೆ ಕೆಳಗೆ ಸಣ್ಣ 2 ಇರ್ಲೇಬೇಕು. ಕಾಂಪೌಂಡ್ ಒಳಗೆ ಸೇರಿದಾಗ ಈ ನಿಯಮ ಇಲ್ಲ. ಲೋಹಗಳು ಯಾವಾಗ್ಲೂ ಒಂಟಿ. ತಾಮ್ರಕ್ಕೂ ಸತುವಿಗೂ ಸಣ್ಣ 2 ಹಾಕಿರೋ ಉತ್ತರ ಪತ್ರಿಕೆ ನೋಡಿದೀನಿ, ಜೋಡಿ ನಿಯಮ ಕಲಿತ ಹುರುಪಲ್ಲಿ ಎಲ್ಲಾದಕ್ಕೂ ಹಾಕ್ಬಿಡ್ತಾರೆ.

ಹಂತ 4: ಬ್ಯಾಲೆನ್ಸ್ ಮಾಡೋದು

ಯಾಕೆ ಬ್ಯಾಲೆನ್ಸ್ ಮಾಡ್ಬೇಕು ಅನ್ನೋದು ಮೊದಲು ತಲೇಲಿರ್ಲಿ. ರಾಶಿ ಸಂರಕ್ಷಣಾ ನಿಯಮ: ಕ್ರಿಯೆಗೆ ಮುಂಚೆ ಎಷ್ಟು ತೂಕ ಇತ್ತೋ ಆಮೇಲೂ ಅಷ್ಟೇ ಇರುತ್ತೆ. 100 ಗ್ರಾಂ ಶುದ್ಧ ಸುಣ್ಣದ ಕಲ್ಲು ಪೂರ್ತಿ ಸುಟ್ರೆ 56 ಗ್ರಾಂ ಸುಟ್ಟ ಸುಣ್ಣ ಉಳಿಯುತ್ತೆ. ಉಳಿದ 44 ಗ್ರಾಂ ಎಲ್ಲೂ ಮಾಯ ಆಗಿಲ್ಲ, ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗಿದೆ. ಅದೇ ಕಾರಣಕ್ಕೆ ಅಡುಗೆ ಸೋಡಾಗೆ ನಿಂಬೆಹಣ್ಣು ಹಿಂಡಿ ತಕ್ಕಡಿ ಮೇಲಿಟ್ಟು 'ತೂಕ ಕಮ್ಮಿ ಆಯ್ತು, ನಿಯಮ ಸುಳ್ಳು' ಅನ್ನೋ ಹಾಗಿಲ್ಲ, ಬಾಯಿ ಮುಚ್ಚಿದ ಬಾಟಲಲ್ಲಿ ಅಳೀಬೇಕು, ಅದೂ ಚಿಟಿಕೆ ಸೋಡಾ ಅಷ್ಟೇ, ಜಾಸ್ತಿ ಹಾಕಿದ್ರೆ ಗ್ಯಾಸಿನ ಒತ್ತಡಕ್ಕೆ ಬಾಟಲ್ ಸಿಡಿಯುತ್ತೆ, ಗಾಜಿನ ಬಾಟಲಲ್ಲಂತೂ ಮಾಡ್ಲೇಬೇಡಿ.

ಇದರ ಜೊತೆಗೇ ಸ್ಥಿರಾನುಪಾತ ನಿಯಮ. ನೀರು ತುಂಗೆಯದ್ದಾಗ್ಲಿ, ಬೋರ್‌ವೆಲ್ಲಿಂದಾಗ್ಲಿ, ಶುದ್ಧ ಮಾಡಿದ್ಮೇಲೆ ಅದರಲ್ಲಿ ಹೈಡ್ರೋಜನ್ ಆಕ್ಸಿಜನ್ ತೂಕ 1:8. ಅಂದ್ರೆ ಫಾರ್ಮುಲಾ ಒಳಗಿನ ಸಣ್ಣ ಅಂಕಿ ಪ್ರಕೃತಿ ಇಟ್ಟಿದ್ದು, ನಮಗೆ ಅದನ್ನ ಮುಟ್ಟೋ ಹಕ್ಕಿಲ್ಲ. ನಾವು ಹಾಕೋದು ಎಡಗಡೆ ಬರೋ ದೊಡ್ಡ ಅಂಕಿ ಮಾತ್ರ. ನೀರಿಗೆ ಒಂದು ಆಕ್ಸಿಜನ್ ಕಮ್ಮಿ ಬಿತ್ತು ಅಂತ ಸಣ್ಣ 2 ಸೇರಿಸಿದ್ರೆ ಅದು ನೀರಲ್ಲ, ಹೈಡ್ರೋಜನ್ ಪೆರಾಕ್ಸೈಡ್.

ಅಂಕಿ ಹಾಕೋ ಕ್ರಮ ಹೀಗಿರ್ಲಿ:

1. ಫಾರ್ಮುಲಾಗಳ ಕೆಳಗೆ ಎಡ, ಬಲ ಅಂತ ಎರಡು ಕಾಲಂ ಹಾಕಿ ಪ್ರತಿ ಧಾತು ಎಷ್ಟಿದೆ ಅಂತ ಎಣಿಸಿ.
2. ಮೊದಲು ಲೋಹ.
3. ಎರಡೂ ಕಡೆ ಒಡೀದೇ ಇರೋ ಗುಂಪಿನ ಅಯಾನು ಇದ್ರೆ ಅದನ್ನ ಒಂದೇ ತುಂಡಾಗಿ ಎಣಿಸಿ.
4. ಆಮೇಲೆ ಬೇರೆ ಅಲೋಹ, ಆಮೇಲೆ ಹೈಡ್ರೋಜನ್.
5. ಆಕ್ಸಿಜನ್ ಕೊನೆಗೆ.
6. ಒಂದು ದೊಡ್ಡ ಅಂಕಿ ಬದಲಾದ ತಕ್ಷಣ ಕಾಲಂ ತಿದ್ದಿ.

ಅದೇ ಅಲ್ಯೂಮಿನಿಯಂ ಲೆಕ್ಕ ನೋಡೋಣ. ಅಲ್ಯೂಮಿನಿಯಂ + ಸಲ್ಫ್ಯೂರಿಕ್ ಆಸಿಡ್ → ಅಲ್ಯೂಮಿನಿಯಂ ಸಲ್ಫೇಟ್ + ಹೈಡ್ರೋಜನ್. ಬಲಗಡೆ ಅಲ್ಯೂಮಿನಿಯಂ 2 ಇದೆ, ಎಡಕ್ಕೆ 2. ಬಲಕ್ಕೆ ಸಲ್ಫೇಟ್ 3 ಇದೆ, ಎಡಗಡೆ ಆಸಿಡ್ಡಿಗೆ 3. ಈಗ ಎಡಕ್ಕೆ ಹೈಡ್ರೋಜನ್ 6 ಆಯ್ತು, ಬಲಕ್ಕೆ ಹೈಡ್ರೋಜನ್ ಗ್ಯಾಸಿಗೆ 3. ಉತ್ತರ 2, 3, 1, 3. ಸಲ್ಫೇಟನ್ನ ಒಡೆದು ಸಲ್ಫರ್ ಬೇರೆ ಆಕ್ಸಿಜನ್ ಬೇರೆ ಎಣಿಸಿದ್ರೂ ಬರುತ್ತೆ, ಆದ್ರೆ 12 ಆಕ್ಸಿಜನ್ ಎಣಿಸೋ ಹೊತ್ತಿಗೆ ಎಲ್ಲೋ ಒಂದು ಕೈತಪ್ಪುತ್ತೆ.

ಎಲ್ಲಾ ಕಡೆ ಗುಂಪು ಹಾಗೇ ಉಳಿಯುತ್ತೆ ಅಂದ್ಕೋಬೇಡಿ. ಲೆಡ್ ನೈಟ್ರೇಟ್ ಕಾಯಿಸಿದ್ರೆ ಲೆಡ್ ಆಕ್ಸೈಡ್, ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಹೊಗೆ, ಆಕ್ಸಿಜನ್ ಬರುತ್ತೆ. ನೈಟ್ರೇಟ್ ಒಡೆದುಹೋಗಿದೆ, ಇಲ್ಲಿ ಒಂದೊಂದೇ ಪರಮಾಣು ಎಣಿಸ್ಲೇಬೇಕು. ಉತ್ತರ 2 → 2, 4, 1.

ಬೆಂಕಿ ಹತ್ತಿ ಉರಿಯೋ ಕ್ರಿಯೆಗಳಿಗೆ ಕ್ರಮ ಇನ್ನೂ ಸುಲಭ: ಕಾರ್ಬನ್, ಹೈಡ್ರೋಜನ್, ಕೊನೆಗೆ ಆಕ್ಸಿಜನ್. ಮನೆ ಸಿಲಿಂಡರಲ್ಲಿ ಮುಖ್ಯವಾಗಿ ಇರೋದು ಪ್ರೊಪೇನ್ ಮತ್ತೆ ಬ್ಯೂಟೇನ್. ಪ್ರೊಪೇನ್ ಸಲೀಸು, ಕಾರ್ಬನ್ 3, ಹೈಡ್ರೋಜನ್ 8 ಇರೋದ್ರಿಂದ 1, 5 → 3, 4. ಬ್ಯೂಟೇನಲ್ಲಿ ಎಲ್ರೂ ಸಿಕ್ಕಿಹಾಕ್ಕೊಳ್ತಾರೆ. ಕಾರ್ಬನ್ 4, ಹೈಡ್ರೋಜನ್ 10, ಬಲಕ್ಕೆ 4 ಕಾರ್ಬನ್ ಡೈಆಕ್ಸೈಡ್, 5 ನೀರು, ಒಟ್ಟು ಆಕ್ಸಿಜನ್ 13. ಆಕ್ಸಿಜನ್ ಜೋಡೀಲಿ ಬರುತ್ತೆ, 13 ಬೆಸ. ಹೆದರ್ಬೇಡಿ, ಆಕ್ಸಿಜನ್ ಮುಂದೆ ಆರೂವರೆ ಅಂತ ಹಾಕಿ, ಆಮೇಲೆ ಇಡೀ ಸಾಲನ್ನ ಎರಡರಿಂದ ಗುಣಿಸಿ: 2, 13 → 8, 10. ಬೆಸ ಆಕ್ಸಿಜನ್ ಬಂದಾಗೆಲ್ಲ ಇದೇ ದಾರಿ.

ಎಚ್ಚರಿಕೆ ಗಂಟೆ: ಐದು ನಿಮಿಷ ಆದ್ರೂ ಅಂಕಿ ಬೆಳೀತಾನೇ ಹೋಗ್ತಿದೆ, 18, 24 ಅಂತ ಬರ್ತಿದೆ ಅಂದ್ರೆ ನಿಲ್ಸಿ, ಹಂತ 2ಕ್ಕೆ ವಾಪಸ್ ಹೋಗಿ ಫಾರ್ಮುಲಾ ನೋಡಿ. ಎಲ್ಲಾ ಅಂಕೀನೂ ಒಂದೇ ಸಂಖ್ಯೆಯಿಂದ ಭಾಗ ಆಗೋ ಹಾಗಿದ್ರೆ ಭಾಗಿಸಿ ಬರೀರಿ. ಅಭ್ಯಾಸಕ್ಕೆ ಕೆಂಪಗೆ ಕಾದ ಕಬ್ಬಿಣದ ಮೇಲೆ ಹಬೆ ಹಾಯಿಸೋ ಕ್ರಿಯೆ ಮಾಡಿ ನೋಡಿ, ಬರೋದು ಕಬ್ಬಿಣ 3 ಆಕ್ಸಿಜನ್ 4 ಇರೋ ಆಕ್ಸೈಡ್ ಮತ್ತೆ ಹೈಡ್ರೋಜನ್. ಉತ್ತರ 3, 4 → 1, 4.

ಹಂತ 5: ಕ್ರಿಯೆ ಯಾವ ವಿಧ ಅಂತ ಗುರುತಿಸೋದು

ಕನ್ನಡ ಮೀಡಿಯಂನಿಂದ ಪಿಯುಸಿಗೆ ಹೋದ ಮಕ್ಕಳು ಇಲ್ಲಿ ಹೆಸರಿಗೇ ಹೆದರಿ ಕೂತ್ಬಿಡ್ತಾರೆ, ಗೊತ್ತಿರೋ ವಿಷಯಾನೂ ಗೊತ್ತಿಲ್ಲ ಅಂದ್ಕೊಳ್ತಾರೆ, ಅದನ್ನ ನೋಡೋಕೆ ನಿಜಕ್ಕೂ ಬೇಜಾರಾಗುತ್ತೆ. ಸಂಯೋಗ ಅಂದ್ರೆ ಅಲ್ಲಿ ಕಾಂಬಿನೇಷನ್, ವಿಭಜನೆ ಅಂದ್ರೆ ಡಿಕಾಂಪೊಸಿಷನ್, ಸ್ಥಾನಪಲ್ಲಟ ಅಂದ್ರೆ ಡಿಸ್‌ಪ್ಲೇಸ್‌ಮೆಂಟ್, ದ್ವಿಸ್ಥಾನಪಲ್ಲಟ ಅಂದ್ರೆ ಡಬಲ್ ಡಿಸ್‌ಪ್ಲೇಸ್‌ಮೆಂಟ್, ಉತ್ಕರ್ಷಣ ಆಕ್ಸಿಡೇಷನ್, ಅಪಕರ್ಷಣ ರಿಡಕ್ಷನ್, ಪ್ರಕ್ಷೇಪ ಪ್ರೆಸಿಪಿಟೇಟ್. ಈ ಏಳು ಜೋಡಿ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರ್ಕೊಳ್ಳಿ.

ಈಗ ಈಕ್ವೇಷನ್ ಮುಂದಿಟ್ಕೊಂಡು ಈ ಪ್ರಶ್ನೆಗಳನ್ನ ಕ್ರಮವಾಗಿ ಕೇಳಿ.

ಬಲಗಡೆ ಒಂದೇ ವಸ್ತು ಇದ್ಯಾ? ಸಂಯೋಗ. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಬುಸುಗುಟ್ಟಿ ಅರಳುತ್ತಲ್ಲ, ಅದು ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಭಾರಿ ಶಾಖ ಬರುತ್ತೆ, ಮುಖ ಹತ್ರ ಇಟ್ಕೊಂಡು ಬಗ್ಗಿ ನೋಡ್ಬೇಡಿ, ಸುಣ್ಣ ಕಣ್ಣಿಗೆ ಹಾರಿದ್ರೆ ಗಂಭೀರ ಗಾಯ ಆಗುತ್ತೆ.

ಎಡಗಡೆ ಒಂದೇ ವಸ್ತು ಇದ್ಯಾ? ವಿಭಜನೆ. ಬೋರ್‌ವೆಲ್ ನೀರು ಕಾಯಿಸೋ ಪಾತ್ರೆ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಬಿಳಿ ಪದರ ಕಟ್ಟುತ್ತಲ್ಲ, ಅದು ಕ್ಯಾಲ್ಸಿಯಂ ಬೈಕಾರ್ಬೋನೇಟ್ ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬೋನೇಟ್, ನೀರು, ಕಾರ್ಬನ್ ಡೈಆಕ್ಸೈಡ್ ಆಗಿದ್ದು.

ಒಂದು ಧಾತು ಒಂದು ಕಾಂಪೌಂಡ್ ಸೇರಿ, ಇನ್ನೊಂದು ಧಾತು ಹೊರಗೆ ಬಂತಾ? ಸ್ಥಾನಪಲ್ಲಟ. ಆದ್ರೆ ಬರೆಯೋ ಮುಂಚೆ ಕ್ರಿಯಾಶೀಲತೆ ಸರಣಿ ನೋಡ್ಬೇಕು: ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಅಲ್ಯೂಮಿನಿಯಂ, ಸತು, ಕಬ್ಬಿಣ, ಸೀಸ, ಹೈಡ್ರೋಜನ್, ತಾಮ್ರ, ಪಾದರಸ, ಬೆಳ್ಳಿ, ಚಿನ್ನ. ಮೇಲಿರೋದು ಕೆಳಗಿರೋದನ್ನ ಓಡಿಸುತ್ತೆ. ತಾಮ್ರವನ್ನ ಸತುವಿನ ಸಲ್ಫೇಟಿಗೆ ಹಾಕಿದ್ರೆ ಏನಾಗುತ್ತೆ ಅಂತ ಕೇಳಿದ್ರೆ 'ಏನೂ ಆಗಲ್ಲ' ಅನ್ನೋದೇ ಸರಿ ಉತ್ತರ. ಪ್ರಶ್ನೆ ಕೇಳಿದಾರೆ ಅಂದ್ಮೇಲೆ ಏನಾದ್ರೂ ಬರೀಲೇಬೇಕು ಅಂತ ಈಕ್ವೇಷನ್ ಬರ್ದುಬಿಡ್ತಾರೆ.

ಎರಡು ಕಾಂಪೌಂಡ್ ಅಯಾನು ಅದಲುಬದಲು ಮಾಡ್ಕೊಂಡ್ವಾ? ದ್ವಿಸ್ಥಾನಪಲ್ಲಟ. ಇದು ನಡೀಬೇಕಾದ್ರೆ ಮೂರರಲ್ಲಿ ಒಂದಾದ್ರೂ ಹುಟ್ಟಬೇಕು: ಕರಗದ ಪ್ರಕ್ಷೇಪ, ಗ್ಯಾಸ್, ಅಥವಾ ನೀರು. ಉಪ್ಪಿನ ನೀರಿಗೆ ಪೊಟ್ಯಾಸಿಯಂ ನೈಟ್ರೇಟ್ ಸುರಿದ್ರೆ ನಾಲ್ಕು ಅಯಾನೂ ನೀರಲ್ಲೇ ಓಡಾಡ್ಕೊಂಡಿರುತ್ತೆ, ಕ್ರಿಯೆ ಇಲ್ಲ. ಕರಗೋ ಪಟ್ಟಿ ಇಲ್ಲಿ ಬೇಕು: ಸೋಡಿಯಂ, ಪೊಟ್ಯಾಸಿಯಂ, ಅಮೋನಿಯಂ ಲವಣಗಳು ಮತ್ತೆ ಎಲ್ಲಾ ನೈಟ್ರೇಟ್ ಕರಗುತ್ತೆ. ಕ್ಲೋರೈಡ್ ಕರಗುತ್ತೆ, ಬೆಳ್ಳಿ ಸೀಸದ್ದು ಬಿಟ್ಟು. ಸಲ್ಫೇಟ್ ಕರಗುತ್ತೆ, ಬೇರಿಯಂ ಸೀಸದ್ದು ಬಿಟ್ಟು, ಕ್ಯಾಲ್ಸಿಯಂದು ಸ್ವಲ್ಪ ಮಾತ್ರ. ಕಾರ್ಬೋನೇಟ್, ಹೈಡ್ರಾಕ್ಸೈಡ್ ಬಹುಪಾಲು ಕರಗಲ್ಲ.

ಮಲೆನಾಡಿನ ಮಕ್ಕಳಿಗೆ ಈ ಎರಡು ವಿಧಾನೂ ತೋಟದಲ್ಲೇ ಸಿಗುತ್ತೆ. ಅಡಿಕೆಗೆ ಕೊಳೆರೋಗ ಬರದೇ ಇರ್ಲಿ ಅಂತ ಹೊಡೆಯೋ ಬೋರ್ಡೋ ಮಿಶ್ರಣ, 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್. ಅದು ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಸೇರಿ ಕಾಪರ್ ಹೈಡ್ರಾಕ್ಸೈಡ್, ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತೆ, ಆ ತಿಳಿನೀಲಿ ಮಂದ ದ್ರಾವಣ ದ್ವಿಸ್ಥಾನಪಲ್ಲಟಕ್ಕೆ ಉದಾಹರಣೆ. ಮಿಶ್ರಣ ಸರಿಯಾಗಿದ್ಯಾ ಅಂತ ನೋಡೋಕೆ ಉಜ್ಜಿ ಹೊಳೆಯೋ ಚಾಕು ಅದ್ದಿ ತೆಗೀತಾರಲ್ಲ, ಚಾಕು ಮೇಲೆ ಕೆಂಪು ಬಣ್ಣ ಕೂತ್ರೆ ಇನ್ನೂ ಸುಣ್ಣ ಬೇಕು ಅಂತ ಅರ್ಥ. ಅದು ಸ್ಥಾನಪಲ್ಲಟ, ಕಬ್ಬಿಣ ಕರಗಿ ತಾಮ್ರ ಹೊರಗೆ ಬಂದಿದೆ. ಮೈಲುತುತ್ತವನ್ನ ಕಬ್ಬಿಣದ ಡ್ರಮ್ಮಲ್ಲಿ ಕರಗಿಸ್ಬಾರ್ದು ಅನ್ನೋದೂ ಇದೇ ಕಾರಣಕ್ಕೆ.

ಲೆಕ್ಕ ಬೇಕು ಅನ್ನೋರಿಗೆ: ಮೈಲುತುತ್ತದ ಹರಳಲ್ಲಿ 5 ನೀರು ಸೇರಿರುತ್ತೆ, 1 ಮೋಲ್ (ಕಣಗಳ ಲೆಕ್ಕಕ್ಕೆ ಬಳಸೋ ಅಳತೆ) ಅಂದ್ರೆ ಹೆಚ್ಚುಕಮ್ಮಿ 250 ಗ್ರಾಂ, 1 ಕೆಜಿ ಅಂದ್ರೆ 4 ಮೋಲ್. ಸುಟ್ಟ ಸುಣ್ಣ 1 ಮೋಲ್ 56 ಗ್ರಾಂ, ಎರಡೂ 1:1ರಲ್ಲಿ ಸೇರುತ್ತೆ, ಅಂದ್ರೆ 4 ಮೋಲಿಗೆ ಕಾಗದದ ಮೇಲೆ 224 ಗ್ರಾಂ ಸಾಕು. ಆದ್ರೆ ಪೇಟೇಲಿ ಸಿಗೋ ಸುಣ್ಣ ಶುದ್ಧ ಇರಲ್ಲ, ಗಾಳಿಗೆ ಬಿಟ್ಟಿದ್ದು ಕಾರ್ಬೋನೇಟ್ ಆಗಿರುತ್ತೆ, ಜೊತೆಗೆ ಮಿಶ್ರಣ ಕ್ಷಾರವಾಗಿರಬೇಕು, ಇಲ್ಲಾಂದ್ರೆ ಎಲೆ ಕಾಯಿ ಸುಡುತ್ತೆ. ಈ ಲೆಕ್ಕ ನೋಡಿ ಅಪ್ಪನ ಡ್ರಮ್ಮಿಂದ ಸುಣ್ಣ ಕಡಿಮೆ ಮಾಡ್ಬೇಡಿ.

ಕೊನೇ ಪ್ರಶ್ನೆ, ಎಲೆಕ್ಟ್ರಾನ್ ಕೈ ಬದಲಾಯಿಸ್ತಾ? ಹಾಗಿದ್ರೆ ಅದು ರೆಡಾಕ್ಸ್, ಅಂದ್ರೆ ಉತ್ಕರ್ಷಣ ಅಪಕರ್ಷಣ ಎರಡೂ ಒಟ್ಟಿಗೆ ನಡೆಯೋ ಕ್ರಿಯೆ. ಇದು ಬೇರೆ ಪೆಟ್ಟಿಗೆ ಅಲ್ಲ, ಮೇಲಿನ ವಿಧಗಳ ಜೊತೆಗೇ ಬರುತ್ತೆ. ಚಾಕು ಮೇಲೆ ತಾಮ್ರ ಕೂತಿದ್ದು ಸ್ಥಾನಪಲ್ಲಟಾನೂ ಹೌದು, ರೆಡಾಕ್ಸೂ ಹೌದು. ಸುಣ್ಣ ಅರಳಿದ್ದು ಸಂಯೋಗ, ಆದ್ರೆ ರೆಡಾಕ್ಸ್ ಅಲ್ಲ. ಮೆಗ್ನೀಸಿಯಂ ತಂತಿ ಉರಿದಿದ್ದು ಸಂಯೋಗ, ಅದು ರೆಡಾಕ್ಸ್ ಕೂಡ. ಒಂದು ಸುಲಭ ಗುರುತು, ಒಂಟಿ ಧಾತು ಹೋಗಿ ಕಾಂಪೌಂಡ್ ಆದ್ರೆ ಅಥವಾ ಕಾಂಪೌಂಡಿಂದ ಒಂಟಿ ಧಾತು ಹೊರಬಂದ್ರೆ ರೆಡಾಕ್ಸ್ ಅಂತ ಧೈರ್ಯವಾಗಿ ಬರೀಬಹುದು. ಬರೀ ಅಯಾನು ಅದಲುಬದಲಾದ್ರೆ ರೆಡಾಕ್ಸ್ ಅಲ್ಲ. ಫೆರಸ್ ಸಲ್ಫೇಟ್ ಕಾಯಿಸೋದು ಈ ಎರಡಕ್ಕೂ ಸಿಗಲ್ಲ: ಬರೋದು ಫೆರಿಕ್ ಆಕ್ಸೈಡ್, ಸಲ್ಫರ್ ಡೈಆಕ್ಸೈಡ್, ಸಲ್ಫರ್ ಟ್ರೈಆಕ್ಸೈಡ್, ಅಲ್ಲಿ ಕಬ್ಬಿಣ 2ರಿಂದ 3ಕ್ಕೆ ಏರಿದೆ, ಹಂಗಾಗಿ ವಿಭಜನೆ ಜೊತೆ ರೆಡಾಕ್ಸ್.

ಹಂತ 6: ಅಯಾನಿಕ್ ಈಕ್ವೇಷನ್ (ಪಿಯುಸಿ ಮಕ್ಕಳಿಗೆ)

ನೀರಲ್ಲಿ ಕರಗಿರೋ ಲವಣ, ಪ್ರಬಲ ಆಸಿಡ್, ಪ್ರಬಲ ಕ್ಷಾರ, ಇವನ್ನ ಮಾತ್ರ ಅಯಾನಾಗಿ ಒಡೀರಿ. ಪ್ರಕ್ಷೇಪ, ಗ್ಯಾಸ್, ನೀರು, ಲೋಹ ಇವನ್ನ ಒಡೀಬೇಡಿ. ಎರಡೂ ಕಡೆ ಬದಲಾಗದೇ ಇರೋ ಅಯಾನು ಹೊಡೆದುಹಾಕಿ. ಬೇರಿಯಂ ಕ್ಲೋರೈಡಿಗೆ ಸೋಡಿಯಂ ಸಲ್ಫೇಟ್ ಹಾಕಿದ್ರೆ ಉಳಿಯೋದು ಬೇರಿಯಂ ಅಯಾನು + ಸಲ್ಫೇಟ್ ಅಯಾನು → ಬೇರಿಯಂ ಸಲ್ಫೇಟ್ ಅಷ್ಟೇ.

ಇಲ್ಲಿ ಪರಮಾಣು ಎಣಿಸಿದ್ರೆ ಸಾಲ್ದು, ಚಾರ್ಜೂ ಎಣಿಸ್ಬೇಕು. ಸತು + ಬೆಳ್ಳಿ ಅಯಾನು → ಸತುವಿನ ಅಯಾನು + ಬೆಳ್ಳಿ ಅಂತ ಒಂದೊಂದೇ ಬರೆದ್ರೆ ಪರಮಾಣು ಸರಿಯಾಗಿ ಕಾಣುತ್ತೆ, ಆದ್ರೆ ಎಡಕ್ಕೆ ಪ್ಲಸ್ 1, ಬಲಕ್ಕೆ ಪ್ಲಸ್ 2. ಬೆಳ್ಳಿಗೆ ಎರಡೂ ಕಡೆ 2 ಹಾಕಿದ್ರೆ ಮಾತ್ರ ಸರಿ.

ಹಂತ 7: ಲ್ಯಾಬಲ್ಲಿ ಅಯಾನು ಗುರುತಿಸೋದು

ಸಾಲ್ಟ್ ಅನಾಲಿಸಿಸ್‌ನಲ್ಲಿ ಫೇಲ್ ಆಗೋದು ಜ್ಞಾನ ಕಮ್ಮಿಯಾಗಿ ಅಲ್ಲ, ಕ್ರಮ ತಪ್ಪಿ.

1. ಅಮೋನಿಯಂ ಮೊದಲು. ಮೂಲ ಪುಡಿಗೇ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಮೆಲ್ಲಗೆ ಬಿಸಿ ಮಾಡಿ, ಘಾಟು ಬಂದು ಒದ್ದೆ ಕೆಂಪು ಲಿಟ್ಮಸ್ ನೀಲಿಯಾದ್ರೆ ಇದೆ. ಆಮೇಲೆ ಮಾಡಿದ್ರೆ, ಮೂರನೇ ಗ್ರೂಪಿಗೆ (ಲೋಹದ ಅಯಾನುಗಳನ್ನ ಗುಂಪು ಗುಂಪಾಗಿ ಹುಡುಕೋದರಲ್ಲಿ ಮೂರನೇದು) ನೀವೇ ಹಾಕಿದ ಅಮೋನಿಯಂ ಕ್ಲೋರೈಡ್ ಉತ್ತರ ಕೊಡುತ್ತೆ, ಎಲ್ಲಾ ಸಾಲ್ಟಲ್ಲೂ ಅಮೋನಿಯಂ ಇದೆ ಅಂತಾಗುತ್ತೆ.

2. ಕಾರ್ಬೋನೇಟ್. ಸಾರರಿಕ್ತ (ಡೈಲ್ಯೂಟ್) ಆಸಿಡ್ ಹಾಕಿದ ಕೂಡ್ಲೇ ನೊರೆ, ಗ್ಯಾಸ್ ಸುಣ್ಣದ ತಿಳಿನೀರನ್ನ ಹಾಲಾಗಿಸುತ್ತೆ. ಜಾಸ್ತಿ ಹೊತ್ತು ಗ್ಯಾಸ್ ಬಿಟ್ರೆ ಹಾಲು ಮತ್ತೆ ತಿಳಿಯಾಗುತ್ತೆ, ಬೈಕಾರ್ಬೋನೇಟ್ ಆಗಿ ಕರಗುತ್ತೆ, ಅದನ್ನ ನೋಡಿ ಟೆಸ್ಟ್ ಫೇಲ್ ಅಂದ್ಕೋಬೇಡಿ. ಸಲ್ಫೈಟ್‌ನ ಗ್ಯಾಸೂ ಸುಣ್ಣದ ನೀರನ್ನ ಹಾಲಾಗಿಸುತ್ತೆ, ಆದ್ರೆ ಅದಕ್ಕೆ ಗಂಧಕ ಸುಟ್ಟ ಘಾಟಿದೆ.

3. ಕ್ಲೋರೈಡ್. ಸಾರರಿಕ್ತ ನೈಟ್ರಿಕ್ ಆಸಿಡ್ ಮೊದಲು, ಆಮೇಲೆ ಸಿಲ್ವರ್ ನೈಟ್ರೇಟ್. ಬಿಳಿ ಮೊಸರಿನಂಥ ಪ್ರಕ್ಷೇಪ ಬಂದು ಅಮೋನಿಯಂ ಹೈಡ್ರಾಕ್ಸೈಡಲ್ಲಿ ಕರಗ್ಬೇಕು. ನೈಟ್ರಿಕ್ ಬದಲು ಹೈಡ್ರೋಕ್ಲೋರಿಕ್ ಹಾಕಿದ್ರೆ ಕ್ಲೋರೈಡನ್ನ ನೀವೇ ತಂದು ಹಾಕಿದ ಹಾಗೆ.

4. ಸಲ್ಫೇಟ್. ಬೇರಿಯಂ ಕ್ಲೋರೈಡಿಗೆ ಬಿಳಿ ಪ್ರಕ್ಷೇಪ, ಆಸಿಡ್ ಹಾಕಿದ್ರೂ ಕರಗಬಾರ್ದು. ಕರಗಿದ್ರೆ ಅದು ಕಾರ್ಬೋನೇಟ್ ಇರ್ಬಹುದು.

5. ನೈಟ್ರೇಟ್. ಆಗಷ್ಟೇ ಮಾಡಿದ ಫೆರಸ್ ಸಲ್ಫೇಟ್ ದ್ರಾವಣ ಸೇರಿಸಿ, ಸಾರೀಕೃತ (ಕಾನ್ಸಂಟ್ರೇಟೆಡ್) ಸಲ್ಫ್ಯೂರಿಕ್ ಆಸಿಡನ್ನ ಟ್ಯೂಬ್ ಗೋಡೆಗುಂಟ ನಿಧಾನ ಇಳಿಸಿ. ಎರಡರ ಮಧ್ಯೆ ಕಂದು ಉಂಗುರ. ಟ್ಯೂಬ್ ಅಲ್ಲಾಡಿಸಿದ್ರೆ ಉಂಗುರ ಹೋಗುತ್ತೆ.

6. ಲೋಹದ ಅಯಾನು. ಸೋಡಿಯಂ ಹೈಡ್ರಾಕ್ಸೈಡಿಗೆ ತಾಮ್ರ ನೀಲಿ, ಫೆರಸ್ ಕೊಳಕು ಹಸಿರು, ಫೆರಿಕ್ ಕೆಂಪು ಮಿಶ್ರಿತ ಕಂದು. ಸತು, ಅಲ್ಯೂಮಿನಿಯಂ ಎರಡೂ ಬಿಳಿ, ಎರಡೂ ಜಾಸ್ತಿ ಹಾಕಿದ್ರೆ ಕರಗುತ್ತೆ, ಅದಕ್ಕೆ ಸೋಡಿಯಂ ಹೈಡ್ರಾಕ್ಸೈಡನ್ನ ಒಂದೇ ಸಲ ಸುರೀಬೇಡಿ, ಪ್ರಕ್ಷೇಪ ಬಂದಿದ್ದೇ ಕಾಣದೆ ಹೋಗುತ್ತೆ, ಹನಿ ಹನಿ ಹಾಕಿ. ಇವೆರಡನ್ನ ಬೇರೆ ಮಾಡೋಕೆ ಅಮೋನಿಯಂ ಹೈಡ್ರಾಕ್ಸೈಡ್ ಜಾಸ್ತಿ ಹಾಕಿ ನೋಡಿ, ಸತುವಿನದ್ದು ಕರಗುತ್ತೆ, ಅಲ್ಯೂಮಿನಿಯಂದು ಉಳಿಯುತ್ತೆ.

ಆಸಿಡ್ ತಿಳಿ ಮಾಡೋವಾಗ ನೀರಿಗೆ ಆಸಿಡ್ ಹಾಕ್ಬೇಕು, ಆಸಿಡ್ಡಿಗೆ ನೀರಲ್ಲ, ಸಿಡಿದು ಮುಖಕ್ಕೆ ಬರುತ್ತೆ. ಟ್ಯೂಬ್ ಬಾಯಿ ಯಾರ ಕಡೆಗೂ ತಿರುಗಿಸ್ಬೇಡಿ. ವಾಸನೆ ನೋಡೋಕೆ ಮೂಗು ಟ್ಯೂಬಿಗೆ ಇಡ್ಬೇಡಿ, ಕೈಯಿಂದ ಗಾಳಿ ಬೀಸ್ಕೊಂಡು ನೋಡಿ. ಟೆಸ್ಟ್ ಮಾಡಿದ ತಕ್ಷಣ ಕಂಡಿದ್ದನ್ನ ಬರ್ಕೊಳ್ಳಿ, ಕೊನೆಗೆ ಒಟ್ಟಿಗೆ ಬರೀತೀನಿ ಅಂದ್ರೆ ಯಾವ ಟ್ಯೂಬಲ್ಲಿ ಏನು ಬಂತು ಅಂತ ನೆನಪಿರಲ್ಲ.